ನಾಲ್ಕನೇ ಮೈಲಿಯ ಮೋರಿ

ಅಂಜಿನಮ್ಮನ ಕೈಗೆ ನೀರು ಬಿಡುವುದು ಬರುತ್ತಿರಲಿಲ್ಲ. ಯಗಟಿ ಸೀಮೆಯಲ್ಲಿ ಹುಟ್ಟಿದ ಕೈ ಅದು. ಅಲ್ಲಿ ಮಳೆ ಬಂತೆಂದರೆ ಗಂಡಸು ಹೆಂಗಸು ಎನ್ನದೆ ಗುದ್ದಲಿ ಹಿಡಿದು ಹೊಲಕ್ಕೆ ಓಡುತ್ತಾರೆ. ಬದು ಎಲ್ಲಿ ಸೋರುತ್ತದೆ, ಇಲಿ ಎಲ್ಲಿ ಬಿಲ ತೋಡಿದೆ ಎಂದು ನೋಡಿ, ಒಂದು ಹೆಂಟೆ ಮಣ್ಣು ಒತ್ತಿ, ಹಿಮ್ಮಡಿಯಲ್ಲಿ ತುಳಿದು, ಬಿದ್ದ ನೀರು ಬಿದ್ದಲ್ಲೇ ಇಂಗುವಂತೆ ಮಾಡುತ್ತಾರೆ. ಹೊಲದ ನೀರು ಹೊರಗೆ ಹರಿದರೆ ಲಕ್ಷ್ಮಿ ಹೊಸಿಲು ದಾಟಿದ ಹಾಗೆ ಎಂದು ಅವಳ ಅವ್ವ ಹೇಳುತ್ತಿದ್ದಳು.

ಅಂಥವಳು ಮದುವೆಯಾದ ಮೂರನೇ ವರ್ಷಕ್ಕೆ ಗಂಡನ ಹಿಂದೆ ಬಂದು ಸೇರಿದ್ದು ತರೀಕೆರೆ ತಾಲ್ಲೂಕಿನ ಬೆಟ್ಟದ ರಸ್ತೆಗೆ. ಲಿಂಗದಹಳ್ಳಿ ದಾಟಿದ ಮೇಲೆ ಸುತ್ತಿ ಸುತ್ತಿ ಏರುವ ಒಂಬತ್ತು ಮೈಲಿಯ ರಸ್ತೆ. ನೆತ್ತಿಯ ಮೇಲೆ ಸರ್ಕಾರದವರು ಒಂದು ಬಂಗಲೆ ಕಟ್ಟಿಸಿ, ಗುಲಾಬಿ ತೋಟ ಹಾಕಿಸಿ, ಬಯಲುಸೀಮೆ ಕಾಣುವ ಅಂಚಿನಲ್ಲಿ ಕೂರಲು ಕಲ್ಲು ಹಾಸಿಸಿದ್ದರು. ಬೇಸಿಗೆಯಲ್ಲಿ ಮೈಸೂರು, ಬೆಂಗಳೂರಿನ ದೊಡ್ಡವರು ಮೋಟಾರಿನಲ್ಲಿ ಹತ್ತಿ ಬಂದು, ನೋಡಿ, ಇಳಿದು ಹೋಗುತ್ತಿದ್ದರು. ಆ ರಸ್ತೆಯಲ್ಲಿ ಒಂದು ಮೂಟೆ ರಾಗಿ ಏರುತ್ತಿರಲಿಲ್ಲ, ಒಂದು ಗಾಡಿ ಗೊಬ್ಬರ ಇಳಿಯುತ್ತಿರಲಿಲ್ಲ. ನೋಡುವುದಕ್ಕೆಂದೇ ಮಾಡಿದ ರಸ್ತೆ.

"ಅಷ್ಟು ಮೇಲೆ ಹೋಗಿ ಏನ್ ನೋಡ್ತಾರೆ?" ಎಂದು ಅಂಜಿನಮ್ಮ ಬಂದ ಹೊಸದರಲ್ಲಿ ಗಂಡನನ್ನು ಕೇಳಿದ್ದಳು.

"ಕೆಳಗಡೆ ಕಾಣ್ತೈತಂತೆ. ಕಡೂರು, ಬೀರೂರು, ನಮ್ಮ ಯಗಟಿ, ಎಲ್ಲಾ."

"ಅಲ್ಲೇ ಇದ್ವಲ್ಲ ನಾವು. ಏನಿತ್ತು ನೋಡೋಕೆ?"

ಕರಿಸಿದ್ದಪ್ಪ ಆ ಮಾತಿಗೆ ಎರಡು ದಿನ ನಕ್ಕಿದ್ದ. ಆಗ ಅವನಿಗೆ ನಗುವ ಶಕ್ತಿ ಇತ್ತು. ಜಲ್ಲಿ ಒಡೆಯಲು ಒಂದು ಬೇಸಿಗೆಗೆಂದು ಬಂದವನ ತೋಳು ನೋಡಿ, ಮೇಲ್ವಿಚಾರಣೆಯ ಷಣ್ಮುಖಪ್ಪನವರು ನಾಲ್ಕನೇ ಮೈಲಿಗೆ ಮೈಲಿ ಕೂಲಿಯಾಗಿ ಹಾಕಿಕೊಂಡಿದ್ದರು. ಒಂದು ಮೈಲಿ ರಸ್ತೆ ಒಬ್ಬನ ಪಾಲು. ಗುಂಡಿಗೆ ಜಲ್ಲಿ ತುಂಬಿ ಕುಟ್ಟಬೇಕು, ಬೆಟ್ಟದ ಮಗ್ಗುಲಿನ ಚರಂಡಿಯಲ್ಲಿ ಬಿದ್ದ ಮಣ್ಣು ಎಲೆ ಬಳಿಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆಯ ಅಡಿಯಿಂದ ನೀರು ಆಚೆ ದಾಟುವ ಮೋರಿಗಳ ಬಾಯಿ ಬಿಡಿಸಿ ಇಟ್ಟಿರಬೇಕು. ಇದಕ್ಕೆ ಸಂಬಳ, ರಸ್ತೆ ಪಕ್ಕದಲ್ಲಿ ಹೆಂಚಿನದೊಂದು ಗೂಡು, ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಚಳಿಜ್ವರಕ್ಕೆ ಹೆದರಿ ಕೂಲಿಗಳು ಬೆಟ್ಟ ಬಿಟ್ಟು ಓಡಬಾರದೆಂದು, ಬಿಲ್ಲೆ ಇದ್ದವರಿಗೆ ವಾರಕ್ಕೊಂದು ಪೊಟ್ಟಣ ಕೊಯಿನಾ ಮಾತ್ರೆ.

ಮೊದಲ ಮಳೆಗಾಲದಲ್ಲೇ ಕರಿಸಿದ್ದಪ್ಪ ತಪ್ಪು ಮಾಡಿದ್ದ. ಚರಂಡಿಯಲ್ಲಿ ಅಷ್ಟು ನೀರು ದಡಬಡ ಓಡುವುದನ್ನು ನೋಡಿ ಅವನ ಹೊಟ್ಟೆ ಉರಿದು, ಹತ್ತು ಮಾರಿಗೊಂದರಂತೆ ಅಡ್ಡಲಾಗಿ ಚಿಕ್ಕ ಚಿಕ್ಕ ಬದು ಹಾಕಿದ. ಗಂಡ ಹೆಂಡತಿ ಇಬ್ಬರೂ ಸೇರಿಯೇ ಹಾಕಿದರು. ನಿಂತ ನೀರು ರಸ್ತೆಯ ಹೊಟ್ಟೆಯೊಳಕ್ಕೆ ಇಳಿದು, ನಾಲ್ಕನೇ ದಿನಕ್ಕೆ ತಿರುವಿನ ಹೊರಮಗ್ಗುಲು ಒಂದು ಗೇಣು ಕುಸಿಯಿತು. ಮೂರನೇ ಮೈಲಿಯ ಕೂಲಿ ರಂಗಯ್ಯ, ಬೆಟ್ಟದಲ್ಲೇ ತಲೆ ನರೆಸಿಕೊಂಡವನು, ಬಂದು ನೋಡಿ ಹಣೆ ಬಡಿದುಕೊಂಡ.

"ಲೇ ಬಯಲುಸೀಮೆಯೋನೇ, ಇಲ್ಲಿ ನೀರು ಅಂದ್ರೆ ನೆಂಟ ಅಲ್ಲ ಕಣೋ, ಅಮಲ್ದಾರ. ಬಂದ್ರಾ, ಕೈ ಮುಗಿ, ದಾರಿ ಬಿಡು. ಕೂರಿಸ್ಕೊಂಡ್ಯೋ, ಮನೆ ಗುಡಿಸ್ಕೊಂಡು ಹೋಯ್ತಾನೆ."

ಅವತ್ತು ಕಲಿತದ್ದು ಕರಿಸಿದ್ದಪ್ಪನ ಕೈಗೆ ಬೇಗ ಇಳಿಯಿತು. ಅಂಜಿನಮ್ಮನ ಕೈಗೆ ಇಳಿಯಲು ಎರಡು ವರ್ಷ ಹಿಡಿಯಿತು. ಹರಿಯುವ ನೀರು ಕಂಡರೆ ಹಿಮ್ಮಡಿ ತಾನಾಗಿ ಮಣ್ಣು ಒತ್ತಲು ಹೋಗುತ್ತಿತ್ತು.

ಮೂರನೇ ವರ್ಷ ಗಂಡನಿಗೆ ಚಳಿಜ್ವರ ಬಂತು. ಬಂತು, ಹೋಯಿತು, ಮತ್ತೆ ಬಂತು. ಎಡಪಕ್ಕೆಯ ಕೆಳಗೆ ಗುಲ್ಮ ಬೆಳೆದು ತೆಂಗಿನ ಚಿಪ್ಪು ಕವುಚಿದ ಹಾಗೆ ಗಟ್ಟಿಯಾಯಿತು. ಊರಿಗೆ ಕರೆದುಕೊಂಡು ಹೋಗಿ ಒಂದು ತಿಂಗಳು ಇಟ್ಟುಕೊಂಡೂ ನೋಡಿದಳು. ಜ್ವರ ಅಲ್ಲಿಗೂ ಬಂತು. ಅಂಚೆಕಚೇರಿಯಲ್ಲಿ ಮಾರುವ ಕೊಯಿನಾ ಪೊಟ್ಟಣ ಮಳೆಗಾಲ ಹುಟ್ಟುವ ಮೊದಲೇ ಖಾಲಿಯಾಗಿತ್ತು. ತರೀಕೆರೆಯ ಡಾಕ್ಟರು ಪಕ್ಕೆ ಮುಟ್ಟಿ ನೋಡಿ ಹೇಳಿದ್ದು ಎರಡೇ ಮಾತು: "ಕೊಯಿನಾ ತಪ್ಪಿಸಬೇಡ. ತಪ್ಪಿಸಿದರೆ ಈ ಆಳು ಇನ್ನೊಂದು ಮಳೆಗಾಲ ಕಾಣುವುದಿಲ್ಲ." ಕೊಯಿನಾ ಇದ್ದದ್ದು ಬಿಲ್ಲೆ ಇದ್ದಲ್ಲಿ. ಬಿಲ್ಲೆ ಇದ್ದದ್ದು ಬೆಟ್ಟದಲ್ಲಿ. ಅವಳು ಗಂಡನನ್ನು ಮತ್ತೆ ಬೆಟ್ಟಕ್ಕೇ ಕರೆತಂದಳು.

ಐದನೇ ವರ್ಷದ ದಸರೆ ಕಳೆದ ಮೇಲೆ ಅವನು ಚಾಪೆ ಬಿಟ್ಟು ಏಳಲಿಲ್ಲ. ಅವತ್ತಿನಿಂದ ನಾಲ್ಕನೇ ಮೈಲಿಯನ್ನು ನೋಡಿಕೊಂಡವಳು ಅಂಜಿನಮ್ಮ. ಬೆಳಿಗ್ಗೆ ಗಂಜಿ ಕಾಯಿಸಿ ಅವನಿಗೆ ಮಾತ್ರೆ ನುಂಗಿಸಿ, ಗುದ್ದಲಿ ಮಂಕರಿ ಹಿಡಿದು ಹೊರಟರೆ ಹೊತ್ತು ಇಳಿದ ಮೇಲೆ ಬರುತ್ತಿದ್ದಳು. ಕರಿಸಿದ್ದಪ್ಪ ಮಲಗಿದಲ್ಲಿಂದಲೇ ಮೈಲಿ ಕಾಯುತ್ತಿದ್ದ. ಗೂಡಿನಿಂದ ಕೂಗಳತೆಯಲ್ಲಿ ದೊಡ್ಡ ಮೋರಿ ಇತ್ತು. ಅದರೊಳಗೆ ನೀರು ಹೋಗುವ ಸದ್ದು ಕೇಳಿ, "ಎಡಗಡೆ ಒಂದು ಕೊಂಬೆ ಸಿಕ್ಕೊಂಡೈತೆ ನೋಡು" ಎನ್ನುತ್ತಿದ್ದ. ಹೋಗಿ ನೋಡಿದರೆ ಸಿಕ್ಕಿಕೊಂಡಿರುತ್ತಿತ್ತು.

ಷಣ್ಮುಖಪ್ಪನವರಿಗೆ ಇದೆಲ್ಲ ಗೊತ್ತಿತ್ತು. "ನಾನು ಕೆಲಸ ನೋಡೋನು, ಮೀಸೆ ನೋಡೋನಲ್ಲ" ಎಂದು ಹಾಜರಿ ಪಟ್ಟಿಯಲ್ಲಿ ಕರಿಸಿದ್ದಪ್ಪನ ಹೆಸರಿನ ಮುಂದೆ ಗೀಟು ಎಳೆದು, ಮಾತ್ರೆಯ ಪೊಟ್ಟಣವನ್ನು ಅವಳ ಕೈಗೆ ಹಾಕಿ ಸೈಕಲ್ ಹತ್ತುತ್ತಿದ್ದರು.

ಮಾರನೇ ವರ್ಷ, ಮೂವತ್ತೊಂದನೇ ಇಸವಿ, ಬೇಸಿಗೆಯ ಕೊನೆಯಲ್ಲಿ ಅವರು ಬಂದಾಗ ಸೈಕಲ್ಲಿನಿಂದ ಇಳಿದು ಗೂಡಿನ ಮುಂದೆ ಕಲ್ಲಿನ ಮೇಲೆ ಕೂತರು. ಕೂರುವ ಆಸಾಮಿಯಲ್ಲ ಅವರು.

"ಲೋಕದಾಗೆಲ್ಲ ದುಡ್ಡಿಗೆ ಕಷ್ಟ ಅಂತಮ್ಮ. ನಮ್ಮ ಸರ್ಕಾರಕ್ಕೂ. ಖರ್ಚು ಇಳಿಸಿ ಅಂತ ಮೇಲಿಂದ ಹುಕುಂ ಬಂದೈತೆ. ಶಾಲೆ ಬಿಡೋಕಾಗಲ್ಲ, ಕೆರೆ ಬಿಡೋಕಾಗಲ್ಲ. ನೋಟದ ರಸ್ತೆ ತಾನೆ, ಇದ್ರ ಮೇಲೇ ಕಣ್ಣು. ಇನ್ನು ಮುಂದೆ ಎರಡು ಮೈಲಿಗೆ ಒಬ್ಬ ಕೂಲಿ."

ಅಂಜಿನಮ್ಮನಿಗೆ ತಿಳಿಯಿತು. ಮೂರನೇ ಮೈಲಿ, ನಾಲ್ಕನೇ ಮೈಲಿ. ರಂಗಯ್ಯ, ಇಲ್ಲವೇ ಇವರು.

"ಯಾರನ್ನ ಇಟ್ಕೋತಾರೆ ಸ್ವಾಮಿ?"

"ಇಂಜಿನಿಯರ್ ಸಾಹೇಬ್ರು ರೋಹಿಣಿ ಮಳೆ ಹೊತ್ಗೆ ಅತಿಥಿಗಳ ಜೊತೆ ಬತ್ತಾರೆ. ಹತ್ತುವಾಗ ಅತಿಥಿಗಳ ಮೋಟಾರು, ಇಳಿಯುವಾಗ ಸಾಹೇಬ್ರು ಒಂದೊಂದು ಮೈಲಿ ನಿಲ್ಲಿಸಿ ನೋಡ್ತಾರೆ. ಕೂಲಿಗಳೆಲ್ಲ ಬಿಲ್ಲೆ ಹಾಕ್ಕೊಂಡು ಅವ್ರವ್ರ ಮೈಲಿಗಲ್ಲಿನ ಹತ್ರ ನಿಂತಿರಬೇಕು. ನಿಲ್ಲದೋರ ಹೆಸ್ರು ಅಲ್ಲೇ ಹೊಡೆದುಹಾಕ್ತಾರೆ."

"ನಾನು ನಿಂತ್ರೆ?"

ಷಣ್ಮುಖಪ್ಪನವರು ಗೂಡಿನ ಕತ್ತಲೆಯ ಕಡೆ ನೋಡಿದರು. "ಪಟ್ಟೀಲಿ ಕರಿಸಿದ್ದಪ್ಪ ಅಂತೈತೆ. ಸೀರೆ ಉಟ್ಟ ಕರಿಸಿದ್ದಪ್ಪನ್ನ ಹೆಂಗಮ್ಮ ತೋರಿಸ್ಲಿ?"

ಒಳಗಿನಿಂದ ಅವನ ದನಿ ಬಂತು. "ನಿಂತ್ಕೋತೀನಿ ಸ್ವಾಮಿ. ಬರ್ಕೊಳ್ಳಿ."

ಆವತ್ತಿನಿಂದ ಹದಿನೆಂಟು ದಿನ ಅಂಜಿನಮ್ಮ ಮೈಲಿಯ ಮೇಲೆ ಬಿದ್ದು ದುಡಿದಳು. ಒಬ್ಬಳ ಕೈಯಲ್ಲಿ ಆಗುವುದಿಲ್ಲವೆಂದು ಊರಿಗೆ ಹೇಳಿ ಕಳಿಸಿದಳು. ಅವಳ ತಮ್ಮ ಮುದ್ದಪ್ಪ ಬೀರೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗಾಡಿಯಲ್ಲೂ ಕಾಲ್ನಡಿಗೆಯಲ್ಲೂ, ಒಂದು ಗಂಟು ರಾಗಿಹಿಟ್ಟು ನಾಲ್ಕು ತೆಂಗಿನಕಾಯಿ ಹೊತ್ತು ಬಂದ. ಬಂದವನು ಗಂಟು ಇಳಿಸಿ ಬಾವನ ಪಕ್ಕೆ ಮುಟ್ಟಿ ನೋಡಿದ. ಆಮೇಲೆ, "ಬಾವ, ಬೆಟ್ಟದ ಊಟ ಬಲು ಚೆನ್ನಾಗೈತೆ ಅನ್ಸುತ್ತೆ, ಹೊಟ್ಟೆ ಬಂದ್ಬಿಟ್ಟೈತೆ" ಎಂದ. ಕರಿಸಿದ್ದಪ್ಪ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು.

ಮುದ್ದಪ್ಪ ಕೆಲಸಗಾರ. ಎರಡೇ ದಿನದಲ್ಲಿ ಚರಂಡಿ ಕನ್ನಡಿಯಂತಾಯಿತು. ಸಾಹೇಬರು ಬರುವ ಹಿಂದಿನ ದಿನ ಅಂಜಿನಮ್ಮ ಮೈಲಿಗಲ್ಲಿಗೆ ಸುಣ್ಣ ಬಳಿಯುತ್ತ, "ಲೇ ಮುದ್ದ, ದೊಡ್ಡ ಮೋರಿ ಬಾಯಿ ಒಂದು ಉಳ್ಕೊಂಡೈತೆ, ನೀಟಾಗಿ ಮಾಡ್ಬಿಡು" ಎಂದಳು. ಅಷ್ಟೇ ಹೇಳಿದಳು. ಹೇಗೆಂದು ಹೇಳಲಿಲ್ಲ. ಅವಳಿಗೆ ಅದು ಈಗ ಹೇಳಬೇಕಾದ ಮಾತೆಂದೇ ಅನ್ನಿಸಿರಲಿಲ್ಲ.

ಮಾರನೇ ದಿನ ಹತ್ತು ಗಂಟೆಗೆ ಮುದ್ದಪ್ಪ ಬಾವನನ್ನು ಬೆನ್ನ ಮೇಲೆ ಹೊತ್ತು ಮೈಲಿಗಲ್ಲಿನ ಹತ್ತಿರ ತಂದ. ಕರಿಸಿದ್ದಪ್ಪ ಒಗೆದ ಪಂಚೆ ಉಟ್ಟಿದ್ದ, ಸೊಂಟದ ಪಟ್ಟಿಯಲ್ಲಿ ಬಿಲ್ಲೆ ಹೊಳೆಯುತ್ತಿತ್ತು. ನಿಲ್ಲಿಸಿದರು. ಮೊಣಕಾಲು ಮಡಚಿಕೊಂಡಿತು. ಇನ್ನೊಮ್ಮೆ ನಿಲ್ಲಿಸಿದರು. ಮತ್ತೆ ಮಡಚಿಕೊಂಡಿತು. ಅಂಜಿನಮ್ಮ ಅವನ ತಲೆಯ ವಸ್ತ್ರ ಬಿಚ್ಚಿದಳು. ಎದೆಯೆತ್ತರದ ಕಲ್ಲಿಗೆ ಅವನ ಬೆನ್ನು ಆನಿಸಿ, ಕಂಕುಳ ಕೆಳಗಿಂದ ಎರಡು ಸುತ್ತು, ಸೊಂಟಕ್ಕೆ ಎರಡು ಸುತ್ತು ಹಾಕಿ ಹಿಂದೆ ಗಂಟು ಹಾಕಿದಳು. ಮೇಲೆ ಕಂಬಳಿ ಹೊದೆಸಿ, ಬಿಲ್ಲೆ ಕಾಣುವಷ್ಟು ಸರಿಸಿ, ಕೈಗೆ ಗುದ್ದಲಿ ಕೊಟ್ಟಳು. ಹಸುವಿನ ಕಾಲು ಕಟ್ಟಿ ಹಾಲು ಕರೆದ ಕೈಗೆ ಗಂಟು ಹಾಕುವುದು ಗೊತ್ತಿತ್ತು. ಗಂಡನನ್ನು ಕಟ್ಟಿದ್ದು ಅದೇ ಮೊದಲು.

"ನೋವಾಗ್ತೈತಾ?"

"ಇನ್ನೊಂಚೂರು ಬಿಗಿ. ಜಾರ್ತಾ ಇದೀನಿ."

ಮೋಟಾರುಗಳು ಮೂರು, ಧೂಳೆಬ್ಬಿಸಿಕೊಂಡು ಮೇಲೆ ಹೋದವು. ಒಳಗಿದ್ದ ಒಬ್ಬ ಹೆಣ್ಣುಮಗಳು ಕೈ ಬೀಸಿದಳು. ಕಟ್ಟು ಬಿಚ್ಚಿ ಅವನನ್ನು ನೆರಳಿನಲ್ಲಿ ಮಲಗಿಸಿ ನೀರು ಕುಡಿಸಿದರು. ಇಳಿಯುವಾಗ ನಿಲ್ಲುವುದೇ ನಿಜವಾದ ನಿಲ್ಲುವುದು. ನಾಲ್ಕು ಗಂಟೆಗೆ ಎಂದಿದ್ದರು.

ಮೂರು ಗಂಟೆಗೆ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು. ರೋಹಿಣಿ ಮಳೆಗೆ ಮುನ್ಸೂಚನೆ ಇರುವುದಿಲ್ಲ. ಅವನನ್ನು ಮತ್ತೆ ಕಲ್ಲಿಗೆ ಕಟ್ಟಿ ಗಂಟು ಹಾಕುವಷ್ಟರಲ್ಲಿ ಹನಿ ಬಿತ್ತು. ಹನಿ ಅಲ್ಲ, ಹರಳು. ಚರಂಡಿ ಕೆಂಪಗೆ ಓಡತೊಡಗಿತು. ಅಂಜಿನಮ್ಮ ಅದನ್ನು ನೋಡುತ್ತ, ಮಳೆಯ ಸದ್ದಿನ ಮೇಲೆ ಕೂಗಿ ಕೇಳಿದಳು.

"ಮುದ್ದಾ, ದೊಡ್ಡ ಮೋರಿ ಬಾಯಿ ಬಿಡ್ಸಿದ್ಯಲ್ಲ?"

ಮುದ್ದಪ್ಪನ ಮುಖ ಅರಳಿತು. ಅಕ್ಕನಿಗೆ ಹೇಳಬೇಕೆಂದು ನಿನ್ನೆಯಿಂದ ಕಾದಿದ್ದ ಮಾತು ಅದು. "ಬಿಡಿಸೋದೇನಕ್ಕ, ಅಷ್ಟಗಲ ಬಾಯಿ ತೆಕ್ಕೊಂಡು ಬಿದ್ದಿತ್ತು. ಬಂದ ನೀರೆಲ್ಲ ಕಣಿವೆ ಪಾಲಾಗ್ತಿತ್ತು. ಕಲ್ಲು ಇಟ್ಟು, ಗರಿಕೆ ಹೆಂಟೆ ಮೆತ್ತಿ, ಅಚ್ಚುಕಟ್ಟಾಗಿ ಕಟ್ಟೆ ಹಾಕಿದೀನಿ. ಒಂದು ಹನಿ ಆಚೆ ಹೋಗಲ್ಲ. ನಿಮ್ಗೂ ಮನೆ ಬಾಗಿಲಲ್ಲೇ ನೀರಾಯ್ತು."

ಅವಳು ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ, ಬೈಗುಳವೂ ಬರಲಿಲ್ಲ. ಅದು ಅವಳದೇ ಕೈ. ತಮ್ಮನ ತೋಳಿಗೆ ಅಂಟಿಕೊಂಡಿತ್ತು, ಅಷ್ಟೆ. ಕಲ್ಲು ಕೀಳಲು ಇಬ್ಬರು ಬೇಕು. ಇಬ್ಬರೂ ಹೋದರೆ ಇವನ ಹತ್ತಿರ ಯಾರೂ ಇಲ್ಲ. ಗಂಟು ಬಿಚ್ಚಿ ಒಳಗೆ ಮಲಗಿಸಿ ಹೋದರೆ ಸಾಹೇಬರು ಬಂದಾಗ ಕಲ್ಲಿನ ಹತ್ತಿರ ಕೂಲಿ ಇಲ್ಲ. ಅವಳು ಗಂಡನ ಮುಖ ನೋಡಿದಳು. ಕಂಬಳಿಯ ಕೊಪ್ಪೆಯಿಂದ ನೀರು ಸುರಿದು ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಏನ್ ನೋಡ್ತಾ ನಿಂತಿದೀಯ? ಮೋರಿಗೆ ಹೋಗು" ಎಂದ ಕರಿಸಿದ್ದಪ್ಪ. "ನಾನೆಲ್ಲಿಗೂ ಹೋಗಲ್ಲ, ಕಟ್ಟಿದೀಯಲ್ಲ."

ಇಬ್ಬರೂ ಓಡಿದರು. ಮೋರಿಯ ಮುಂದೆ ಕೆರೆ ನಿಂತಿತ್ತು. ಕಟ್ಟೆ ಎಷ್ಟು ಚೆನ್ನಾಗಿತ್ತೆಂದರೆ ಯಗಟಿಯಲ್ಲಾಗಿದ್ದರೆ ಊರಿನವರು ಬಂದು ನೋಡಿ ಹೋಗುತ್ತಿದ್ದರು. ನೀರು ಆಗಲೇ ಚರಂಡಿ ತುಂಬಿ ರಸ್ತೆಯ ಅಂಚು ನೆಕ್ಕುತ್ತಿತ್ತು. ಅಂಜಿನಮ್ಮ ಸೆರಗು ಬಿಗಿದು ಎದೆಮಟ್ಟ ಇಳಿದಳು. ಮುದ್ದಪ್ಪ ಮೇಲಿನಿಂದ ಪಿಕಾಸಿ ಹಾಕಿ ಮೀಟಿದ, ಅವಳು ನೀರೊಳಗೆ ಮುಳುಗಿ ಕೆಳಗಿನ ಕಲ್ಲಿಗೆ ಬೆರಳು ಹಾಕಿದಳು. ಎರಡು ಉಗುರು ಹೋದವು. ಮೂರನೇ ಕಲ್ಲು ಅಲುಗಿದ ಕೂಡಲೇ ನೀರು ಅವಳನ್ನೂ ಎಳೆಯಿತು. ಮುದ್ದಪ್ಪ ಅವಳ ಜುಟ್ಟು ಹಿಡಿದು ಮೇಲಕ್ಕೆ ತೆಗೆದ. ಮೋರಿ ಗುಡುಗಿದ ಹಾಗೆ ಸದ್ದು ಮಾಡಿ ಬಾಯಿ ಬಿಟ್ಟಿತು. ಕೆರೆ ಇಳಿಯಿತು. ರಸ್ತೆ ನಿಂತಿತು.

ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಸದ್ದು ಬಂತು. ದೊಡ್ಡದೊಂದು ಪ್ರಾಣಿ ಮಗ್ಗುಲು ಬದಲಿಸಿದಂತೆ. ಮೂರನೇ ಮೈಲಿಯಲ್ಲಿ ಮೂವತ್ತು ಮಾರು ರಸ್ತೆ ಕಣಿವೆಗೆ ಇಳಿದಿತ್ತು. ರಂಗಯ್ಯ, ಬೆಟ್ಟಕ್ಕೆಲ್ಲ ಮೋರಿಯ ಪಾಠ ಹೇಳಿದವನು, ಹುಕುಂ ಇದ್ದಂತೆ ಬಿಲ್ಲೆ ಹಾಕಿಕೊಂಡು ಅರ್ಧ ಮೈಲಿ ಆಚೆ ತನ್ನ ಕಲ್ಲಿನ ಹತ್ತಿರ ನಿಂತಿದ್ದ; ಅವನ ಮೋರಿಯ ಹತ್ತಿರ ಯಾರೂ ಇರಲಿಲ್ಲ. ಎಲ್ಲ ಮೈಲಿಯ ಕೂಲಿಗಳೂ ನಿಂತೇ ಇದ್ದರು.

ಇಂಜಿನಿಯರ್ ಸಾಹೇಬರ ಮೋಟಾರು ನಾಲ್ಕನೇ ಕಲ್ಲಿನ ಹತ್ತಿರ ನಿಂತಾಗ ಮಳೆ ತೆಳುವಾಗಿತ್ತು. ಅಂಜಿನಮ್ಮ ಲಂಟಾನ ಪೊದೆಯ ಮರೆಯಿಂದ ನೋಡುತ್ತಿದ್ದಳು. ಸಾಹೇಬರು ಕೊಡೆ ಹಿಡಿದು ಇಳಿದು ಮೋರಿಯ ತನಕ ನಡೆದು, ಬಗ್ಗಿ ನೋಡಿದರು. ವಯಸ್ಸಾದ, ಸಾಧುವಾದ ಮುಖ.

"ಇದು ಯಾರ ಮೈಲಿ?"

"ಕರಿಸಿದ್ದಪ್ಪನದು ಸ್ವಾಮಿ. ಅಗೋ, ನಿಂತಿದ್ದಾನೆ" ಎಂದರು ಷಣ್ಮುಖಪ್ಪನವರು.

ಸಾಹೇಬರು ಕಲ್ಲಿನ ಕಡೆ ನೋಡಿದರು. ಕಂಬಳಿ, ಬಿಲ್ಲೆ, ಗುದ್ದಲಿ. "ಒಳ್ಳೆಯ ಮೈಲಿ" ಎಂದು ಪುಸ್ತಕ ತೆಗೆದು ಏನೋ ಬರೆದುಕೊಂಡರು. ಮುಂದೆ ರಸ್ತೆ ಇಲ್ಲದ್ದರಿಂದ ಎಲ್ಲರೂ ಇಳಿದು ಕೊಡೆ ಹಿಡಿದು ನಡೆದುಹೋದರು.

ಗಂಟು ನೆನೆದು ಬಿಚ್ಚಲು ಬರಲಿಲ್ಲ. ಕುಡುಗೋಲಿನಲ್ಲಿ ವಸ್ತ್ರ ಕುಯ್ದು ಅವನನ್ನು ಇಳಿಸಿಕೊಂಡರು. ಅವನ ಮೈ ಕೆಂಡವಾಗಿತ್ತು. "ಒಳ್ಳೆ ಮೈಲಿ ಅಂದ್ರು, ಕೇಳಿಸ್ಕೊಂಡ್ಯಾ?" ಎಂದ. ಅವಳು ಅತ್ತಳು. ಆರು ವರ್ಷದಲ್ಲಿ ಸಂತೋಷಕ್ಕೆ ಅತ್ತದ್ದು ಅದೊಂದೇ ಸಲ. ಮುದ್ದಪ್ಪ ಎರಡು ದಿನ ಅಕ್ಕನ ಮುಖ ನೋಡದೆ ಕೆಲಸ ಮಾಡಿ, ಬಿತ್ತನೆಗೆ ಹೊತ್ತಾಯಿತೆಂದು ಊರಿಗೆ ಹೊರಟ.

ಸರ್ಕಾರದ ವರ್ಷ ಜೂನಿಗೆ ಮುಗಿಯುತ್ತದೆ. ಆರಿದ್ರಾ ಮಳೆ ಕೊನೆಯಾಗುವಾಗ ಷಣ್ಮುಖಪ್ಪನವರು ಸೈಕಲ್ ತಳ್ಳಿಕೊಂಡು ಬಂದರು. ಈ ಸಲ ಕೂರಲಿಲ್ಲ. ಅವಳನ್ನು ಗೂಡಿನಿಂದ ದೂರ ಕರೆದರು.

"ಮೂರನೇ ಮೈಲಿಗೆ ಮಳೆಹಾನಿ ಬಾಬ್ತು ಬೇರೆಯಾಗಿ ಮಂಜೂರಾಗೈತೆ. ಇಪ್ಪತ್ತು ಆಳು ಹಾಕ್ತಾರೆ. ಅದ್ರ ಮೇಲೆ ರಂಗಯ್ಯನ್ನ ಉಳಿಸಿದ್ದಾರೆ."

"ನಮ್ದು?"

"ನಾಲ್ಕನೇ ಮೈಲಿ ಸುಸ್ಥಿತಿಯಲ್ಲಿದೆ, ಈ ಸಾಲಿಗೆ ಖರ್ಚಿನ ಅಗತ್ಯ ಕಾಣುವುದಿಲ್ಲ." ಅದನ್ನು ಅವರು ಓದಿದ ಹಾಗೆ ಹೇಳಿದರು. ಆಮೇಲೆ ತಮ್ಮ ದನಿಯಲ್ಲಿ, "ಬಿಲ್ಲೆ ಕೊಡಮ್ಮ. ಗೂಡು ಶ್ರಾವಣದ ತನಕ ಇಟ್ಕೋ. ನಾನು ಕೇಳಲ್ಲ."

ಅಂಜಿನಮ್ಮ ಒಳಗಿನಿಂದ ಬಿಲ್ಲೆ ತಂದು ಅವರ ಕೈಗಿಟ್ಟಳು. "ಅವತ್ತು ಮೋರಿ ಬಿಡಿಸ್ದೆ ಸುಮ್ನೆ ಇದ್ದಿದ್ರೆ?"

ಷಣ್ಮುಖಪ್ಪನವರು ಸೈಕಲ್ಲಿನ ಗಂಟೆಯ ಮೇಲಿನ ಮಣ್ಣು ಒರೆಸಿದರು. "ಹಂಗೆಲ್ಲ ಕೇಳ್ಬಾರ್ದು" ಎಂದರು. ಜೇಬಿನಿಂದ ಒಂದು ಪೊಟ್ಟಣ ತೆಗೆದು ಅವಳ ಕೈಯಲ್ಲಿಟ್ಟರು. ಸರ್ಕಾರ ಅವರ ಸ್ವಂತಕ್ಕೆಂದು ಕೊಟ್ಟ ಕೊಯಿನಾ ಅದು. ಹದಿನಾಲ್ಕು ಮಾತ್ರೆ. "ಇನ್ಮುಂದೆ ನನ್ನ ಕೈಲಿ ಆಗಲ್ಲ."

ಗಂಡನಿಗೆ ಅವಳು ಹೇಳಲಿಲ್ಲ. ಬಿಲ್ಲೆಗೆ ಹೊಸ ನಂಬರು ಕೊರೆಸಲು ತರೀಕೆರೆಗೆ ಹೋಗಿದೆ ಎಂದಳು. ಅವನು ನಂಬಿದ. ದಿನಕ್ಕೆ ಎರಡಾಗಿದ್ದ ಮಾತ್ರೆಯನ್ನು ಒಂದು ಮಾಡಿದಳು. ಮೂರನೇ ಮೈಲಿಯಲ್ಲಿ ದಿನಗೂಲಿಗೆ ಸೇರಿದಳು. ಹಾಜರಿಯಲ್ಲಿ ಮೊಟ್ಟಮೊದಲ ಸಲ ಅವಳ ಹೆಸರು ಕೂಗಿದರು. ದಿನಗೂಲಿಗೆ ಬಿಲ್ಲೆ ಇಲ್ಲ. ಬಿಲ್ಲೆ ಇಲ್ಲದವರಿಗೆ ಮಾತ್ರೆ ಇಲ್ಲ.

ಕಲ್ಲು ಹೊರುವಾಗ ರಂಗಯ್ಯ ಅವಳ ಕಣ್ಣು ತಪ್ಪಿಸುತ್ತಿದ್ದ. ಒಂದು ದಿನ ತಾನಾಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ನನ್ನ ಮೈಲಿ ಬಿತ್ತು, ಬಿಲ್ಲೆ ನನ್ನ ಸೊಂಟದಾಗೈತೆ. ನಾಚ್ಕೆ ಆಗ್ತೈತೆ ಕಣಮ್ಮಾ." ಮಡಿಲಿಗೆ ಎರಡು ಮಾತ್ರೆ ಹಾಕಿದ. ಅವನಿಗೂ ಜ್ವರ ಬರುತ್ತಿತ್ತೆಂದು ಅವನ ಹಳದಿ ಕಣ್ಣು ಹೇಳುತ್ತಿತ್ತು. ಎದ್ದು ಹೋಗುವಾಗ, ತನಗೇ ಹೇಳಿಕೊಂಡಂತೆ, "ನಿಮ್ದೂ ಬಿದ್ದಿದ್ರೆ ಇಬ್ರೂ ಉಳೀತಿದ್ವಿ" ಎಂದ.

ಆ ಮಾತು ಅವಳ ಜೊತೆ ಮನೆಗೆ ಬಂತು. ಅವಳ ಜೊತೆ ಮಲಗಿತು, ಎದ್ದಿತು. ಮಾತ್ರೆ ಎಂಟಾಯಿತು, ಆರಾಯಿತು. ಗಂಡನ ಜ್ವರ ದಿನ ಬಿಟ್ಟು ದಿನ ಬರುತ್ತಿದ್ದದ್ದು ದಿನಾ ಬರತೊಡಗಿತು. ಮಳೆಗಾಲದಲ್ಲಿ ಬಂಗಲೆಗೆ ಬೀಗ, ಮೋಟಾರು ಬರುವುದಿಲ್ಲ. ರಸ್ತೆ ಬಿದ್ದರೆ ಯಾರ ಜೀವಕ್ಕೂ ಅಪಾಯವಿಲ್ಲ. ಇದನ್ನು ಅವಳು ಮೂರು ನಾಲ್ಕು ಸಲ ಲೆಕ್ಕ ಹಾಕಿ ನೋಡಿದಳು.

ಪುನರ್ವಸು ಮಳೆಯ ಎರಡನೇ ವಾರ ಒಂದು ದಿನ, ಮಾತ್ರೆ ಮೂರು ಉಳಿದಿದ್ದಾಗ, ಅವಳು ಕೂಲಿಗೆ ಹೋಗಲಿಲ್ಲ. ಮಧ್ಯಾಹ್ನ ಗುದ್ದಲಿ ಹಿಡಿದು ದೊಡ್ಡ ಮೋರಿಗೆ ಹೋದಳು. ತಮ್ಮ ಇಟ್ಟಿದ್ದ ಕಲ್ಲುಗಳು ಅಲ್ಲೇ ಚರಂಡಿಯ ಪಕ್ಕ ಬಿದ್ದಿದ್ದವು. ಒಂದೊಂದಾಗಿ ಉರುಳಿಸಿ ಬಾಯಿಗೆ ಇಟ್ಟಳು. ಗರಿಕೆ ಹೆಂಟೆ ಕಿತ್ತು, ಹುಲ್ಲು ಕೆಳಗೆ ಮಾಡಿ ಸಂದಿಗೆ ಮೆತ್ತಿ, ಹಿಮ್ಮಡಿಯಲ್ಲಿ ಒತ್ತಿದಳು. ಆರು ವರ್ಷ ಆ ಹಿಮ್ಮಡಿಯನ್ನು ಅವಳು ತಡೆದಿದ್ದಳು. ಒಂದೇ ಗಳಿಗೆಯಲ್ಲಿ ಅದಕ್ಕೆ ಎಲ್ಲ ನೆನಪಾಯಿತು. ನೀರು ಮುಂದೆ ಹೋಗಲಾರದೆ ತಿರುಗಿ, ಕೆಂಪು ನೊರೆಯಾಗಿ ಏರತೊಡಗಿತು. ಅವಳು ಕೈ ತೊಳೆದು ಗೂಡಿಗೆ ಬಂದು ಒಲೆಯ ಮುಂದೆ ಕೂತಳು.

ಕರಿಸಿದ್ದಪ್ಪ ಕಣ್ಣು ಮುಚ್ಚಿ ಮಲಗಿದ್ದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟ.

"ಮೋರಿ ಸದ್ದಿಲ್ಲ."

"ಮಳೆ ಸದ್ದಿಗೆ ಕೇಳಲ್ಲ, ಮಲ್ಕೊಳ್ಳಿ."

"ಮಳೆ ಸದ್ದು ಬೇರೆ, ಮೋರಿ ಸದ್ದು ಬೇರೆ. ಬಾಯಿ ಕಟ್ಟೈತೆ ಕಣೇ. ಹೋಗಿ ನೋಡು."

"ಆಮೇಲೆ ಹೋಯ್ತೀನಿ."

"ಆಮೇಲೆ ಅಂದ್ರೆ? ರಸ್ತೆ ಹೋಯ್ತದೆ. ಬಿಲ್ಲೆ ಕಿತ್ಕೋತಾರೆ."

ಅವಳು ಒಲೆಯನ್ನೇ ನೋಡುತ್ತಿದ್ದಳು. ಹಿಂದೆ ಚಾಪೆ ಸರಿದ ಸದ್ದಾಯಿತು. ತಿರುಗಿದಳು. ಅವನು ಕೈ ಊರಿ ಎದ್ದು ಕೂತಿದ್ದ. ಗೋಡೆ ಹಿಡಿದು ಒಂದು ಮೊಣಕಾಲು ಎತ್ತಿದ. ಬಿದ್ದ. ಎರಡನೇ ಸಲ ಎದ್ದು, ಬಾಗಿಲ ಹತ್ತಿರ ಒರಗಿಸಿದ್ದ ಗುದ್ದಲಿಗೆ ಕೈ ಚಾಚಿ, ಅದರ ಮೇಲೆಯೇ ಬಿದ್ದ. ನೆಲದಲ್ಲಿ ತೆವಳಿ ಹೊಸಿಲ ಮೇಲೆ ಎದೆ ಇಟ್ಟ. ಮಳೆ ಅವನ ತಲೆಯ ಮೇಲೆ ಬೀಳುತ್ತಿತ್ತು.

"ಎಲ್ಲಿಗೆ ಹೊಂಟ್ರಿ?"

"ನೀನು ಹೋಗಲ್ವಲ್ಲ."

ಬಿಲ್ಲೆ ಇಲ್ಲ ಎಂದು ಆಗಲೇ ಹೇಳಬಹುದಿತ್ತು. ಅವಳ ಬಾಯಿಗೂ ಬಂತು. ಅವನ ಮುಖ ನೋಡಿದಳು. ಆ ಮುಖದಲ್ಲಿ ಉಳಿದಿದ್ದದ್ದು ಆ ಮೈಲಿ ಒಂದೇ. ಅದನ್ನೂ ತೆಗೆದರೆ ಮಾತ್ರೆ ನುಂಗಲು ಆಳೇ ಉಳಿಯುವುದಿಲ್ಲ. ಅವನ ಕಂಕುಳಿಗೆ ಕೈ ಹಾಕಿ ಎಳೆದು ಚಾಪೆಯ ಮೇಲೆ ಹಾಕಿ, ಕೈಯಿಂದ ಗುದ್ದಲಿ ಬಿಡಿಸಿಕೊಂಡು ಓಡಿದಳು.

ನೀರು ರಸ್ತೆಯ ಮೇಲೆ ಒಂದು ಬೆರಳು ಹರಿಯುತ್ತಿತ್ತು. ಕಟ್ಟೆ ಗಟ್ಟಿಯಾಗಿತ್ತು. ತಮ್ಮ ಕಟ್ಟಿದ್ದಕ್ಕಿಂತ ಗಟ್ಟಿಯಾಗಿ ಅವಳೇ ಕಟ್ಟಿದ್ದಳು. ಈ ಸಲ ಮೇಲಿನಿಂದ ಮೀಟುವವರೂ ಇಲ್ಲ, ಜುಟ್ಟು ಹಿಡಿದು ಎಳೆಯುವವರೂ ಇಲ್ಲ. ಕಲ್ಲಿಗೆ ಬೆನ್ನು ಕೊಟ್ಟು, ಚರಂಡಿಯ ಗೋಡೆಗೆ ಎರಡೂ ಕಾಲು ಒದ್ದು, ಉಸಿರು ಕಟ್ಟಿ ತಳ್ಳಿದಳು. ಎಷ್ಟು ಹೊತ್ತು ತಳ್ಳಿದಳೋ ಅವಳಿಗೆ ತಿಳಿಯದು. ಕೊನೆಗೆ ಕಲ್ಲು ಹೊರಳಿತು. ಮೋರಿ ಗುಡುಗಿತು.

ಅವಳು ಒಳಗೆ ಬಂದಾಗ ಅವನು ಗೋಡೆಗೆ ಕಿವಿ ಕೊಟ್ಟು ಮಲಗಿದ್ದ.

"ಕೇಳ್ತು" ಎಂದ. "ಏನ್ ಸಿಕ್ಕೊಂಡಿತ್ತು?"

"ಕಲ್ಲು."

"ಹೂಂ. ಈಗ ಸರಿ."

ಅಂಜಿನಮ್ಮ ಗೋಡೆಯ ಸಂದಿಯಿಂದ ಮಾತ್ರೆಯ ಡಬ್ಬಿ ತೆಗೆದಳು. ಮೂರರಲ್ಲಿ ಒಂದನ್ನು ಎತ್ತಿ ಅವನ ನಾಲಗೆಯ ಮೇಲಿಟ್ಟು, ನೀರಿನ ಚೆಂಬು ತುಟಿಗೆ ಹಿಡಿದಳು. ಅವನು ನುಂಗಿ ಮುಖ ಕಿವುಚಿದ.

"ಕಹಿ ಜೊತೆಗೆ ಮಣ್ಣು ಮಣ್ಣು ಅಂತೈತೆ."

"ನನ್ನ ಕೈಯ್ದು" ಎಂದಳು ಅವಳು. ಡಬ್ಬಿಯ ಮುಚ್ಚಳ ಹಾಕಿ, ಎರಡು ಮಾತ್ರೆ 'ಟಿಕ್' ಎಂದು ಸದ್ದು ಮಾಡದ ಹಾಗೆ ಮೆಲ್ಲಗೆ ಸಂದಿಯಲ್ಲಿಟ್ಟಳು. ಹೊರಗೆ ಮೋರಿ ಬಾಯಿ ತುಂಬ ಓಡುತ್ತಿತ್ತು.